ಹಸಿರು ಮೂಗುಬೊಟ್ಟು

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಹನ್ನೊಂದು ವರ್ಷದಿಂದ ದಾವಣಗೆರೆಯ ವಿಮಾ ಕಚೇರಿಯೊಂದರಲ್ಲಿ ಹೋಟೆಲುಗಳ ಅಪಾಯ ಅಳೆಯುವ ಕೆಲಸ ಮಾಡುತ್ತಿದ್ದೇನೆ. ಯಾವ ಹೋಟೆಲಿಗೆ ಬೆಂಕಿ ತಾನಾಗಿ ಬೀಳಬಹುದು, ಯಾವ ಹೋಟೆಲಿಗೆ ಮಾಲೀಕನೇ ಬೆಂಕಿ ಇಡಬಹುದು ಎಂದು ಮೊದಲೇ ಊಹಿಸಿ ಬರೆದುಕೊಡಬೇಕು. ಮದುವೆ ಊಟಕ್ಕೆ ಹೋದರೂ ನನ್ನ ಕಣ್ಣು ಎಲೆಗಿಂತ ಮೊದಲು ಸಿಲಿಂಡರಿನ ಕಡೆಗೆ ಹೋಗುತ್ತದೆ. "ನೀಲಾ, ನಿಂಗೆ ದೇವ್ರು ಪ್ರತ್ಯಕ್ಷ ಆದ್ರೂ ಆಧಾರ್ ಕಾರ್ಡ್ ತೋರ್ಸು ಅಂತೀಯ" ಎಂದು ನಮ್ಮತ್ತೆ ಬಂದವರೆದುರು ಹೇಳಿ ನಗುತ್ತಾರೆ. ನನಗೆ ಅದು ಬೈಗುಳ ಅನ್ನಿಸುವುದಿಲ್ಲ.

ಎರಡು ವರ್ಷದ ಹಿಂದೆ ನನ್ನ ಅರ್ಧ ಕೆಲಸವನ್ನು ಒಂದು ಯಂತ್ರ ಕಸಿದುಕೊಂಡಿತು. ಕಂಪನಿಯ ಕಾಗದದಲ್ಲಿ ಅದಕ್ಕೆ 'ಘ್ರಾಣಯಂತ್ರ' ಎಂದು ಹೆಸರು. ಅಂಗೈಯಷ್ಟಗಲದ ದುಂಡನೆಯ ಲೋಹದ ಬಿಲ್ಲೆ, ಮುಖದ ತುಂಬ ಜಾಲರಿ, ಅಂಚಿಗೆ ಒಂದು ಸಣ್ಣ ದೀಪ. ಹೋಟೆಲಿನವರು ನೋಡಿದ ದಿನವೇ ಅದಕ್ಕೆ 'ಮೂಗುಬೊಟ್ಟು' ಎಂದು ಹೆಸರಿಟ್ಟರು. ಅದು ಅಡುಗೆಮನೆಯ ಗಾಳಿಯನ್ನು ಎಳೆದುಕೊಂಡು ಮೂಸುತ್ತದೆ. ಸೋರಿದ ಅನಿಲ, ಸೀದ ಹೊಗೆ, ಮಿತಿಮೀರಿ ಕಾದ ಎಣ್ಣೆ, ಬಿಸಿಯಾಗಿ ಕರಗುತ್ತಿರುವ ವೈರಿನ ಪ್ಲಾಸ್ಟಿಕ್ ಒಂದೊಂದಕ್ಕೂ ಅದರೊಳಗೆ ಬೇರೆ ಬೇರೆ ಪದರಗಳಿವೆ. ಮೂಸಿದ್ದನ್ನೆಲ್ಲ ಕೂಡಿಸಿ ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಡುತ್ತದೆ. ಅದೇ ಆ ಹೋಟೆಲಿನ ಅಪಾಯಾಂಕ. ಮೂವತ್ತರೊಳಗಿದ್ದರೆ ದೀಪ ಹಸಿರು, ಎಪ್ಪತ್ತರವರೆಗೆ ಹಳದಿ, ಆಮೇಲೆ ಕೆಂಪು ಮತ್ತು ಅರಚಾಟ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಿದಾಡುತ್ತದೆ. ಹಾಗಾಗಿ ಮೂಗುಬೊಟ್ಟನ್ನು ಒಲೆಯ ಹತ್ತಿರ ಮೊಣಕಾಲಿನ ಎತ್ತರಕ್ಕೆ ಹಾಕಿಸುತ್ತೇವೆ.

ಹೊಸ ಕಾಯ್ದೆಯಂತೆ ವಿಮೆ ಇಲ್ಲದ ಹೋಟೆಲಿಗೆ ಬಾಗಿಲು ತೆರೆಯುವ ಪರವಾನಗಿ ಇಲ್ಲ. ಯಂತ್ರ ಇಲ್ಲದಿದ್ದರೆ ವಿಮೆ ಇಲ್ಲ. ಬೇರೆ ದಾರಿಯಿಲ್ಲದೆ ಹಾಕಿಸಿಕೊಂಡವರು ಅದರ ಮೇಲೆ ಟವೆಲ್ ಹೊದಿಸಿದರು, ಹಿಟ್ಟಿನ ಡಬ್ಬಿ ಅಡ್ಡ ಇಟ್ಟರು. ಒಬ್ಬ ಪುಣ್ಯಾತ್ಮ ಬಲೂನೇ ಕಟ್ಟಿದ್ದ. ನಾನು ಅವರನ್ನೆಲ್ಲ ಹಿಡಿದೆ. ಹಿಡಿದು ಹಿಡಿದು ಸಾಕಾಗಿ, ಈ ಸಲದ ದಸರೆಗೆ ಮುಂಚೆ ಒಂದು ಉಪಾಯ ಹೂಡಿದೆ. ಈ ಜನ ಗ್ರೈಂಡರಿಗೆ ಪೂಜೆ ಮಾಡುತ್ತಾರೆ, ತಕ್ಕಡಿಗೆ ಮಾಡುತ್ತಾರೆ, ಸ್ಕೂಟರಿಗೂ ಮಾಡುತ್ತಾರೆ. ಪೂಜೆ ಮಾಡಿದ್ದಕ್ಕೆ ಯಾರೂ ಮೋಸ ಮಾಡುವುದಿಲ್ಲ ಎಂದು ನನ್ನ ಲೆಕ್ಕ. ಆಯುಧಪೂಜೆಯ ಹಿಂದಿನ ದಿನ ಊರಿನ ನೂರ ನಲವತ್ತು ಹೋಟೆಲುಗಳಿಗೂ ಕಂಪನಿಯ ಹೆಸರಿನಲ್ಲಿ ಒಂದು ಚೀಲ ಕಳಿಸಿದೆವು. ವಿಭೂತಿ ಗಟ್ಟಿ, ಕುಂಕುಮ, ಒಂದು ಮೊಳ ಹೂವು, ಮೈಸೂರು ಪಾಕು, ಜೊತೆಗೆ 'ನಿಮ್ಮ ಮನೆ ಕಾಯುವವರನ್ನೂ ಮರೆಯಬೇಡಿ' ಎಂದು ಬರೆದ ಕಾರ್ಡು. ಅದು ನನ್ನದೇ ಒಕ್ಕಣೆ. ಆಮೇಲೆ ಒಬ್ಬರೂ ಟವೆಲ್ ಹೊದಿಸಲಿಲ್ಲ. ಕಚೇರಿಯಲ್ಲಿ ನನಗೆ ಚಪ್ಪಾಳೆ ತಟ್ಟಿದರು, ನಾನೂ ಹಿಗ್ಗಿದೆ.

ನವೆಂಬರಿನ ಕೊನೆಯ ವಾರ ನಮ್ಮ ಮುಖ್ಯಸ್ಥರಾದ ಶೆಣೈ ಸರ್ ನನ್ನನ್ನು ನಿಗಾ ಕೊಠಡಿಗೆ ಕರೆದರು. ಅಲ್ಲಿ ಗೋಡೆಯಗಲದ ಪರದೆ. ಊರಿನ ನಕ್ಷೆಯ ಮೇಲೆ ನೂರ ನಲವತ್ತು ಚುಕ್ಕೆಗಳು, ಮುಕ್ಕಾಲು ಪಾಲು ಹಸಿರು.

"ನೋಡು ನೀಲಾಂಬಿಕಾ, ಊರಿನ ಸರಾಸರಿ ಅರ್ಧಕ್ಕರ್ಧ ಇಳಿದಿದೆ. ಜನ ಸುಧಾರಿಸಿದ್ದಾರೆ ಮಾರಾಯ್ತಿ! ಬೆಂಗಳೂರಿನವರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳ್ತಿದ್ದಾರೆ."

ಜನ ಸುಧಾರಿಸಿದ್ದಾರೆ ಎಂದರೆ ನನಗೆ ತಲೆನೋವು ಶುರುವಾಗುತ್ತದೆ. ನಾನು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದೆ. ಎಲ್ಲಕ್ಕಿಂತ ಕಡಿಮೆ ಅಂಕ ಹಳೇಪೇಟೆಯ ಕೊಟ್ರೇಶಪ್ಪನವರ ಬೆಣ್ಣೆದೋಸೆ ಹೋಟೆಲಿನದು. ಮೂರು.

"ಸರ್, ಅದು ಸೌದೆ ಒಲೆ ಹೋಟ್ಲು. ಪಲ್ಯಕ್ಕೆ ಪಕ್ಕದಲ್ಲೇ ಗ್ಯಾಸು. ಬೆಂಕಿ, ಬೆಣ್ಣೆ, ಸಿಲಿಂಡರು ಮೂರೂ ಒಂದೇ ಕೋಣೇಲಿ ಅದಾವೆ. ಹೋದ ಸೆಪ್ಟೆಂಬರಲ್ಲಿ ಐವತ್ತೆಂಟಿತ್ತು. ಆ ಅಡುಗೆಮನೆ ಮೂರಕ್ಕಿಳೀಬೇಕಂದ್ರೆ ಅಲ್ಲಿ ಅಡುಗೇನೇ ಮಾಡಬಾರ್ದು."

"ಯಂತ್ರ ಕೆಟ್ಟಿರಬಹುದಾ?"

ಯಂತ್ರ ಪ್ರತಿ ಗಂಟೆಗೂ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಸುದ್ದಿ ಕಳಿಸುತ್ತದೆ. ವೈರು ಸರಿ, ಬ್ಯಾಟರಿ ಸರಿ, ಒಳಗಿನ ಪದರಗಳ ಬಿಸಿ ಸರಿ. ನಲವತ್ತು ದಿನದ ವರದಿ ತೆಗೆಸಿ ನೋಡಿದೆವು, ಎಲ್ಲ ಸರಿ ಇತ್ತು. ಆಮೇಲೆ ನಾನು ಕೊಟ್ರೇಶಪ್ಪನವರ ಪಾಲಿಸಿ ತೆರೆದೆ. ಮೊದಲ ಪುಟದಲ್ಲೇ ಸಿಕ್ಕಿತು. ಆಯುಧಪೂಜೆ ಕಳೆದ ವಾರಕ್ಕೆ ಅವರು ವಿಮೆಯ ಮೊತ್ತವನ್ನು ಇಮ್ಮಡಿ ಮಾಡಿಸಿದ್ದರು. ಒಂದು ಕಡೆ ಯಂತ್ರದ ಬಾಯಿ ಮುಚ್ಚಿಸುವುದು, ಇನ್ನೊಂದು ಕಡೆ ಮೊತ್ತ ಏರಿಸುವುದು. ಮೂರನೆಯದು ಕಡ್ಡಿ ಗೀರುವುದು. ಇಂಥವರನ್ನು ನಾನು ಮೂರು ಸಲ ಹಿಡಿದಿದ್ದೇನೆ. ಫೈಲು ಮುಚ್ಚಿ ಬ್ಯಾಗಿಗೆ ಹಾಕಿಕೊಂಡೆ.

ಗುರುವಾರ ಬೆಳಿಗ್ಗೆ ಏಳಕ್ಕೆ, ಹೇಳದೆ ಕೇಳದೆ ಹೋದೆ. ಗಲ್ಲಾದಲ್ಲಿದ್ದ ಕೊಟ್ರೇಶಪ್ಪನವರು ಎದ್ದು ನಿಂತರು. ಅರವತ್ತರ ಸುಮಾರಿನ, ಬೆವರಿದ ಹಣೆಯ ಮನುಷ್ಯ.

"ಬರ್ರಿ ಮೇಡಮ್ಮೋರೆ, ಕೂತ್ಕಳ್ರಿ. ಮದ್ಲು ಒಂದು ಖಾಲಿ ದೋಸೆ ತಿನ್ರಿ, ಆಮೇಲೆ ನಿಮ್ ಕೆಲ್ಸ."

ತಪಾಸಣೆಗೆ ಬಂದವಳಿಗೆ ಇಷ್ಟು ಉಪಚಾರ ಯಾಕೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ದೋಸೆ ಬೇಡವೆಂದು ಒಳಗೆ ನಡೆದೆ. ಹಿಂಬಾಗಿಲು, ಕಿಟಕಿ ಎರಡೂ ಹಾರು ಹೊಡೆದಿದ್ದವು, ಒಳಗೆಲ್ಲ ಸೌದೆಯ ಹೊಗೆ ಮತ್ತು ಬೆಣ್ಣೆಯ ಘಮ. ಕಾವಲಿಯ ಮುಂದೆ ನಿಂತಿದ್ದವರು ಹಾಲೇಶಣ್ಣ. ಮೂವತ್ತೆಂಟು ವರ್ಷದಿಂದ ಅದೇ ಒಲೆಯ ಮುಂದೆ ದೋಸೆ ಹುಯ್ಯುತ್ತಿರುವ ಬಾಣಸಿಗ. ಒರಳಿನ ಪಕ್ಕ ಚಟ್ನಿಗೆ ಕಾಯಿ ತುರಿಯುತ್ತಿದ್ದ ರೇಣುಕಮ್ಮ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು.

ಮೂಗುಬೊಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಪರೀಕ್ಷಿಸಿದೆ. ಟೇಪಿಲ್ಲ, ಪ್ಲಾಸ್ಟಿಕ್ಕಿಲ್ಲ, ಒದ್ದೆ ಬಟ್ಟೆಯಿಲ್ಲ. ವೈರಿಗೆ ಕತ್ತರಿ ಬಿದ್ದಿಲ್ಲ, ಮೊಹರು ಹಾಗೇ ಇದೆ. ಹಬ್ಬದ ವಿಭೂತಿ, ಕುಂಕುಮ, ಒಣಗಿದ ಹೂವು, ಗ್ರೈಂಡರಿನ ಮೇಲೂ ಫ್ರಿಜ್ಜಿನ ಮೇಲೂ ಇದ್ದ ಹಾಗೆಯೇ. ದೀಪ ಹಸಿರು. ಕಳ್ಳ ಜಾಣನಿದ್ದಾನೆ ಎಂದುಕೊಂಡೆ.

ಅಲ್ಲೇ ಗೋಡೆಗೆ ಒರಗಿ ಒಂದು ಗಂಟೆ ನಿಂತೆ. ಹಾಲೇಶಣ್ಣನ ನಡವಳಿಕೆ ವಿಚಿತ್ರವಾಗಿತ್ತು. ಸಾಸಿವೆ ಸಿಡಿಯುವಾಗ ತಲೆ ವಾರೆ ಮಾಡಿ ಕಿವಿಗೊಡುತ್ತಿದ್ದರು. ಬೆಣ್ಣೆಯ ಮುದ್ದೆ ಬಂದರೆ ರೇಣುಕಮ್ಮನ ಕಡೆ ಚಾಚಿ, "ಹೆಂಗೈತೆ ನೋಡವ್ವ" ಎನ್ನುತ್ತಿದ್ದರು. ಆರಿಹೋದ ಗ್ಯಾಸ್ ಒಲೆಯನ್ನು ಮತ್ತೆ ಹೊತ್ತಿಸುವ ಮೊದಲು, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು, ಬಗ್ಗಿ ಮೂಗುಬೊಟ್ಟನ್ನು ನೋಡಿದರು. ನೋಡಿ ಆಮೇಲೆ ಗೀರಿದರು. ಎರಡನೇ ಸಲವೂ ಹಾಗೇ. ಮೂರನೇ ಸಲವೂ.

"ಯಾಕ್ರಿ ಅದನ್ನ ಅಷ್ಟು ನೋಡ್ತೀರಿ?"

ಅವರ ಕೈ ನಿಂತಿತು. "ಏನಿಲ್ಲವ್ವ. ದೀಪ ಉರೀತೈತೋ ಇಲ್ಲೋ ಅಂತ."

"ಉರೀದಿದ್ರೆ?"

ಅವರು ಕಾವಲಿಗೆ ನೀರು ಚಿಮುಕಿಸಿದರು. ತಪ್ಪು ಮಾಡಿದವನೇ ಹೀಗೆ ಮತ್ತೆ ಮತ್ತೆ ನೋಡಿಕೊಳ್ಳುವುದು. ಯಂತ್ರಕ್ಕೆ ಏನೋ ಮಾಡಿದ್ದಾನೆ, ಮಾಡಿದ್ದು ನಿಂತಿದೆಯೋ ಇಲ್ಲವೋ ಎಂದು ನೋಡುತ್ತಿದ್ದಾನೆ. ಮಾಲೀಕ ಹೇಳಿದ್ದು, ಇವನು ಮಾಡಿದ್ದು. ಶುಕ್ರವಾರ ಹೋದೆ, ಶನಿವಾರವೂ ಹೋದೆ. ಶನಿವಾರ ಹೊರಡುವಾಗ ರೇಣುಕಮ್ಮ, "ಸೋಮಾರ ಬಂದ್ರೆ ನಾ ಇರಲ್ಲ ಮೇಡಮ್ಮೋರೆ. ತಂಗಿ ಮಗೂದು ತೊಟ್ಲಿಗಾಕಾದು ಐತೆ, ಹರಿಹರಕ್ಕೆ ಹೋಗ್ತೀನಿ. ದಿನಾ ನಾನೇ ಮದ್ಲು ಬಂದು ಬಾಗ್ಲು ತಗ್ಯಾದು. ಅವತ್ತು ಹಾಲೇಶಣ್ಣನೇ ತಗೀಬೇಕು" ಎಂದರು. ಒಬ್ಬ ಸಾಕ್ಷಿಯನ್ನು ಊರಿನಿಂದ ಕಳಿಸುತ್ತಿದ್ದಾರೆ ಎಂದು ಅದನ್ನೂ ಬರೆದುಕೊಂಡೆ.

ಸೋಮವಾರ ಬೆಳಿಗ್ಗೆ ಐದೂವರೆಗೆ ನಮ್ಮ ಮನೆಯಲ್ಲಿ ಸೀದ ವಾಸನೆಗೆ ಎಚ್ಚರವಾಯಿತು. ಅತ್ತೆ ಹಾಲು ಒಲೆಯ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದರು. ಉಕ್ಕಿ ಚೆಲ್ಲಿ, ತಳ ಹತ್ತಿ, ಪಾತ್ರೆ ಕಪ್ಪಾಗಿ ಅಡುಗೆಮನೆಯಲ್ಲಿ ಕಣ್ಣುರಿಯುವಷ್ಟು ಹೊಗೆ. ಓಡಿಹೋಗಿ ಒಲೆ ಆರಿಸಿದೆ. ಕೆಮ್ಮುತ್ತ ಕಿಟಕಿ ತೆರೆದು ತಿರುಗಿದವಳು ಹಾಗೇ ನಿಂತುಬಿಟ್ಟೆ.

ನಮ್ಮ ಮನೆಯಲ್ಲೂ ಒಂದು ಮೂಗುಬೊಟ್ಟಿದೆ. ನೌಕರರಿಗೆ ಪುಕ್ಕಟೆಯಾಗಿ ಕೊಟ್ಟದ್ದು. ಅಷ್ಟು ಹೊಗೆಯ ನಡುವೆ ಅದು ಹಸಿರಾಗಿ, ತಣ್ಣಗೆ ಉರಿಯುತ್ತಿತ್ತು.

"ಅತ್ತೆ, ಇದಕ್ಕೇನು ಮಾಡಿದ್ರಿ?"

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಅತ್ತೆಗೆ ಸಿಟ್ಟು ಬಂತು. "ನಾನೇನು ಮಾಡ್ಲವ್ವ? ಆಯುಧಪೂಜೆಗೆ ನೀನೇ ಚೀಲ ತಂದ್ಕೊಟ್ಟಿದ್ಯಲ್ಲ. ವಿಭೂತಿ ಕಲಸಿ ಹಚ್ಚಿ ಕುಂಕುಮ ಇಟ್ಟೆ. ಯಂತ್ರ ಆದ ಮಾತ್ರಕ್ಕೆ ವಿಭೂತಿ ಬ್ಯಾಡ ಅಂತೈತೇನು?"

ತಲೆಯಲ್ಲಿದ್ದ ಪಿನ್ನು ಕಿತ್ತು ಜಾಲರಿಯನ್ನು ಕೆರೆದೆ. ನೀರಿನಲ್ಲಿ ಕಲಸಿ ಹಚ್ಚಿದ ವಿಭೂತಿ ಒಗ್ಗರಣೆಯ ಎಣ್ಣೆ ಹೊಗೆ ಕುಡಿದು ಕುಡಿದು ಗೋಡೆಯ ಗಾರೆಯಂತೆ ಗಟ್ಟಿಯಾಗಿತ್ತು. ಒಂದು ಚಕ್ಕೆ ಎದ್ದು ಬಿದ್ದದ್ದೇ ತಡ, ಯಂತ್ರ ಕೆಂಪಾಗಿ ಓಣಿಗೆಲ್ಲ ಕೇಳುವ ಹಾಗೆ ಅರಚಿಕೊಂಡಿತು. ವೈರು, ಬ್ಯಾಟರಿ, ಬಿಸಿ ಎಲ್ಲವನ್ನೂ ಗಂಟೆಗೊಮ್ಮೆ ನೋಡಿಕೊಳ್ಳುವ ಯಂತ್ರಕ್ಕೆ, ಉಸಿರು ಒಳಗೆ ಬರುತ್ತಿದೆಯೇ ಎಂದು ನೋಡಿಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ. ನೂರ ನಲವತ್ತು ಚೀಲಗಳು. ಕೆಲವರು ಬೊಟ್ಟಿನಷ್ಟು ಇಟ್ಟಿರಬೇಕು, ಕೆಲವರು ಮೂರೆಳೆ ಎಳೆದಿರಬೇಕು. ಅಂಕ ಅರ್ಧಕ್ಕಿಳಿದದ್ದು ಜನ ಸುಧಾರಿಸಿದ್ದರಿಂದಲ್ಲ. ಹಾಗಾದರೆ ಕೊಟ್ರೇಶಪ್ಪನವರ ಅಡುಗೆಮನೆ ಯಾಕೆ ಮೂರಕ್ಕಿಳಿಯಿತು? ಅಲ್ಲಿ ಯಾರು ಅಷ್ಟು ದಪ್ಪಗೆ ಹಚ್ಚಿದರು?

ಆಗ ಹಾಲೇಶಣ್ಣ ಬಗ್ಗಿ ದೀಪ ನೋಡುತ್ತಿದ್ದುದು ನೆನಪಾಯಿತು. ಬೆಣ್ಣೆಯನ್ನು ರೇಣುಕಮ್ಮನ ಮೂಗಿನ ಹತ್ತಿರ ಹಿಡಿದದ್ದು, ಸಾಸಿವೆಗೆ ಕಿವಿಗೊಟ್ಟದ್ದು ನೆನಪಾಯಿತು. ಇವತ್ತು ರೇಣುಕಮ್ಮ ಇಲ್ಲ ಎಂಬುದೂ ನೆನಪಾಗಿ ಫೋನಿಗೆ ಕೈಹಾಕಿದೆ.

ಕೊಟ್ರೇಶಪ್ಪನವರು ಫೋನ್ ಎತ್ತಲಿಲ್ಲ. ಹೋಟೆಲಿನ ಫೋನ್ ಸುಮ್ಮನೆ ಬಡಿದುಕೊಂಡಿತು. ಉಟ್ಟ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು ಸ್ಕೂಟರ್ ಓಡಿಸಿದೆ. ದಾರಿಯಲ್ಲಿ ಶೆಣೈ ಸರ್‌ಗೆ ಫೋನ್ ಮಾಡಿ, ಎಲ್ಲ ಹೋಟೆಲಿಗೂ ಈಗಲೇ ತಿಳಿಸಿ, ಜಾಲರಿ ಉಜ್ಜುವವರೆಗೆ ಹಸಿರು ದೀಪ ನಂಬಬೇಡಿ ಎನ್ನಿ ಎಂದು ಕೂಗಿದೆ. ಅವರು ನಿದ್ದೆಗಣ್ಣಿನಲ್ಲಿ "ಎಂಥದು, ಎಂಥದು?" ಎನ್ನುತ್ತಲೇ ಇದ್ದರು.

ಹಳೇಪೇಟೆಯ ಹಿಂದಿನ ಓಣಿಯಲ್ಲಿ ಸ್ಕೂಟರ್ ಎಸೆದು ಓಡಿದೆ. ಹಿಂಬಾಗಿಲು ಒಂದು ಗೇಣು ತೆರೆದಿತ್ತು, ಕಿಟಕಿ ಮುಚ್ಚಿತ್ತು. ಹೊಸ್ತಿಲಲ್ಲೇ ಮೂಗಿಗೆ ಹೊಡೆಯಿತು, ಕೊಳೆತ ಕೋಸಿನಂಥ ಆ ವಾಸನೆ. ಅನಿಲಕ್ಕೆ ತನ್ನದೇ ವಾಸನೆ ಇಲ್ಲ, ಸೋರಿದರೆ ಮನುಷ್ಯನಿಗೆ ತಿಳಿಯಲಿ ಎಂದೇ ಅದನ್ನು ಬೆರೆಸಿರುತ್ತಾರೆ. ಒಳಗೆ ಹಾಲೇಶಣ್ಣ ಸೌದೆ ಜೋಡಿಸಿ, ಎಡಗೈಯಲ್ಲಿ ಕಡ್ಡಿಪೆಟ್ಟಿಗೆ, ಬಲಗೈಯಲ್ಲಿ ಕಡ್ಡಿ ಹಿಡಿದು, ಬಗ್ಗಿ ಮೂಗುಬೊಟ್ಟನ್ನು ನೋಡುತ್ತಿದ್ದರು.

"ಹಾಲೇಶಣ್ಣ! ಗೀರಬ್ಯಾಡ್ರಿ!"

ಅವರು ಬೆಚ್ಚಿ ನನ್ನ ಕಡೆ ತಿರುಗಿದರು, ಮತ್ತೆ ದೀಪದ ಕಡೆ ನೋಡಿದರು. "ಹಸಿರೈತಲ್ಲವ್ವ" ಎಂದರು.

ನಾನು ಹೋಗಿ ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ. ಸ್ವಿಚ್ಚು ಮುಟ್ಟದೆ ಕಿಟಕಿ ತೆರೆದು, ಸಿಲಿಂಡರಿನ ಕೀಲಿ ತಿರುಗಿಸಿ, ಅವರ ರಟ್ಟೆ ಹಿಡಿದು ಓಣಿಗೆ ಎಳೆದುಕೊಂಡು ಬಂದೆ. ಇಬ್ಬರೂ ಸೌದೆ ರಾಶಿಯ ಮೇಲೆ ಕೂತೆವು.

"ನಿಮಗೆ ವಾಸನೆ ಬರಲ್ಲ, ಅಲ್ಲೇನ್ರಿ?"

ಅವರು ನೆಲ ನೋಡುತ್ತ ಹೇಳಿದರು. "ಮೂರು ವರ್ಷ ಆತವ್ವ. ಒಂದು ಜ್ವರ ಬಂತು, ಜ್ವರ ಹೋತು, ವಾಸ್ನೆ ವಾಪಸ್ ಬರ್ಲಿಲ್ಲ. ಯಾರಿಗೂ ಹೇಳ್ಲಿಲ್ಲ. ಮೂಗಿಲ್ದ ಅಡುಗಿಯವನ್ನ ಯಾರು ಇಟ್ಕಂತಾರೆ? ಈ ಒಲೆ ಮುಂದೆ ಬಿಟ್ರೆ ನಂಗೆ ಎಲ್ಲೂ ನಿಂತ್ಕಳಾಕೆ ಬರಲ್ಲ. ದಿನಾ ಕಡ್ಡಿ ಗೀರುವಾಗ ಜೀವ ಬಾಯಿಗೆ ಬರ್ತಿತ್ತು. ನೀವು ಆ ಮೂಗುಬೊಟ್ಟು ತಂದ್ ಹಾಕಿದ್ರಲ್ಲ, ಊರೆಲ್ಲ ನಿಮ್ಮನ್ನ ಬೈತು, ನಾನೊಬ್ಬ ಕೈಮುಗಿದೆ. ಅವತ್ತಿಂದ ಕಣ್ತುಂಬ ನಿದ್ದೆ ಮಾಡೀನಿ."

"ವಿಭೂತಿ ಹಚ್ಚಿದ್ದು ನೀವೇನಾ?"

"ನಾನೇ. ಬ್ಯಾರೇರು ಒಂದ್ ಬೊಟ್ಟು ಇಟ್ರು. ನಾನು ಇಡೀ ಮುಖಕ್ಕೆ ದಪ್ಪಗೆ ಬಳ್ದೆ. ಅದು ನನ್ನ ಮೂಗು ಅಲ್ಲೇನವ್ವ?"

ನನಗೆ ಅಳು ಬಂತು. ಮೂರು ದಿನ ಈ ಮನುಷ್ಯನನ್ನು ಗೋಡೆಗೊರಗಿ ನಿಂತು ಕಳ್ಳನಂತೆ ನೋಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವರ ಕೈ ಹಿಡಿದುಕೊಂಡೆ. ಅದು ಕಾವಲಿಯ ಬಿಸಿಗೆ ಒರಟಾದ ಕೈ.

ಗಾಳಿಯಾಡಿದ ಮೇಲೆ ಒಳಗೆ ಹೋಗಿ ಜಾಲರಿ ಕೆರೆದೆವು. ಚಕ್ಕೆ ಎದ್ದ ಕೂಡಲೆ ಅದೂ ಅರಚಿತು. ಸಿಲಿಂಡರಿನ ಹಿಂದೆ ರಬ್ಬರು ಕೊಳವೆ ಕೂದಲೆಳೆಯಷ್ಟು ಸೀಳಿತ್ತು. ಹರಿಹರದಿಂದ ಫೋನಿನಲ್ಲಿ ರೇಣುಕಮ್ಮ ಅತ್ತೇಬಿಟ್ಟರು. "ಹದ್ನೈದ್ ದಿನದಿಂದ ಬೆಳಗ್ಗೆ ಬಾಗ್ಲು ತಗ್ದಾಗ ಒಂಚೂರು ವಾಸ್ನೆ ಬರ್ತಿತ್ತ್ರಿ. ಹಸಿರು ದೀಪ ಐತೆ, ನನ್ ಮೂಗೇ ಸರಿಯಿಲ್ಲ ಅಂತ ಸುಮ್ನಾದೆ." ಮೂಗಿದ್ದವರೂ ದೀಪವನ್ನೇ ನಂಬಿದ್ದರು.

ಪೂಜೆ ಮುಗಿಸಿ ಓಡಿಬಂದ ಕೊಟ್ರೇಶಪ್ಪನವರಿಗೆ ಹಾಲೇಶಣ್ಣ ತಾವಾಗಿ ಎಲ್ಲ ಹೇಳಿದರು. ಕೊಟ್ರೇಶಪ್ಪ ಮೊದಲು ಕೂಗಾಡಿದರು. "ಮೂರ್ ವರ್ಷ ನನ್ ಹತ್ರ ಮುಚ್ಚಿಟ್ಯಲ್ಲೋ ಹಾಲೇಶಿ! ಸತ್ತಿದ್ರೆ ನಿನ್ ಹೆಂಡ್ತಿಗೆ ನಾನೇನ್ ಹೇಳ್ಬೇಕಿತ್ತು?" ಆಮೇಲೆ ಬೆಂಚಿನ ಮೇಲೆ ಕುಸಿದು ಟವೆಲಿನಿಂದ ಮುಖ ಮುಚ್ಚಿಕೊಂಡರು.

ಮಧ್ಯಾಹ್ನ ಕಚೇರಿಯಲ್ಲಿ ವರದಿ ಬರೆಯಲು ಕೂತಾಗ ಅವರ ಪಾಲಿಸಿಯನ್ನು ಮತ್ತೆ ತೆರೆದೆ. ಈ ಸಲ ಎರಡನೇ ಪುಟ ತಿರುವಿದೆ. ಮೊತ್ತ ಇಮ್ಮಡಿಯಾದದ್ದು ಕಟ್ಟಡಕ್ಕಲ್ಲ. ಆರು ಜನ ಕೆಲಸಗಾರರ ಜೀವಕ್ಕೆ. ಮೊದಲ ಹೆಸರು ಹಾಲೇಶಪ್ಪ, ಎರಡನೆಯದು ರೇಣುಕಮ್ಮ.

ಶೆಣೈ ಸರ್ ಬಾಗಿಲು ಹಾಕಿಕೊಂಡು ಬಂದು ಎದುರು ಕೂತರು. ಬೆಳಿಗ್ಗೆಯಿಂದ ನೂರ ನಲವತ್ತು ಹೋಟೆಲಿಗೆ ಜನ ಓಡಿಸಿ ಅವರ ದನಿಯೇ ಬಿದ್ದುಹೋಗಿತ್ತು. "ನೋಡು, ಪಾಲಿಸಿಯಲ್ಲಿ ಸ್ಪಷ್ಟ ಇದೆ. ಯಂತ್ರಕ್ಕೆ ಅಡ್ಡಿ ಮಾಡಿದ್ದು ವಿಮೆ ಮಾಡಿಸಿದವರ ಕಡೆಯವರು ಆದ್ರೆ ಪಾಲಿಸಿ ರದ್ದು. ವಿಭೂತಿ ಹಚ್ಚಿದ್ದು ಅವರ ಅಡುಗೆಯವ. ಹಾಗೇ ಬರೆದ್ಬಿಡು. ಕೊಟ್ರೇಶಪ್ಪ ಬೇರೆ ಕಡೆ ವಿಮೆ ನೋಡಿಕೊಳ್ಳಲಿ."

"ಒಂದ್ಸಲ ರದ್ದಾದವ್ರಿಗೆ ಬೇರೆ ಯಾರೂ ವಿಮೆ ಕೊಡಲ್ಲ, ಬಾಗ್ಲು ಹಾಕ್ಬೇಕಾಗುತ್ತೆ ಸರ್. ಆರು ಜನದ ವಿಮೇನೂ ಹೋಗುತ್ತೆ. ಮೂಗಿಲ್ದ ಬಾಣಸಿಗನ್ನ ಬೇರೆ ಯಾವ ಹೋಟ್ಲೂ ತಗಳಲ್ಲ."

"ಮತ್ತೆ ಚೀಲದ ವಿಷಯ ಬರೀತೀಯಾ? ಅದು ನಿನ್ನ ಉಪಾಯ ಅಂತ ಇಡೀ ಕಂಪನಿಗೆ ಗೊತ್ತು. ನಿನ್ನ ಕೆಲಸ ಹೋಗ್ತದೆ ಮಾರಾಯ್ತಿ."

ಹೋಟೆಲಿನಿಂದ ಹೊರಡುವಾಗ ಹಾಲೇಶಣ್ಣ ಕೇಳಿದ್ದರು: "ನನ್ ಮೂಗಿನ ವಿಷ್ಯ ಬರೀತೀರೇನವ್ವ?" ಆಮೇಲೆ ಅವರೇ, "ಬರೀರಿ. ಇನ್ ಮ್ಯಾಲೆ ಮುಚ್ಚಿಡಾದು ಬ್ಯಾಡ" ಎಂದಿದ್ದರು.

ನಮೂನೆಯಲ್ಲಿ ಒಂಬತ್ತನೇ ಪ್ರಶ್ನೆ, ಇತರೆ ಅಪಾಯಗಳು. ಬರೆದೆ: 'ಮುಖ್ಯ ಅಡುಗೆಯವರಿಗೆ ವಾಸನೆ ತಿಳಿಯದು. ಅವರು ಒಲೆ ಹೊತ್ತಿಸುವ ಮುನ್ನ ಮತ್ತೊಬ್ಬರು ಮೂಸಿ ಒಪ್ಪಿಗೆ ಹೇಳತಕ್ಕದ್ದು. ಮಾಲೀಕರು ಒಪ್ಪಿ ಇಂದಿನಿಂದಲೇ ಜಾರಿಗೆ ತಂದಿದ್ದಾರೆ. ಇದು ಯಂತ್ರಕ್ಕಿಂತ ಮೇಲು ಎಂದು ನನ್ನ ಅಭಿಪ್ರಾಯ.'

ಹತ್ತನೇ ಪ್ರಶ್ನೆ, ಯಂತ್ರಕ್ಕೆ ಅಡ್ಡಿಯಾದುದಕ್ಕೆ ಹೊಣೆಗಾರರು ಯಾರು. ಆ ಜಾಗದಲ್ಲಿ ಎರಡು ವರ್ಷದಿಂದ ಮಾಲೀಕರ, ಬಾಣಸಿಗರ, ಮ್ಯಾನೇಜರುಗಳ ಹೆಸರು ಬರೆದಿದ್ದೇನೆ. ಬರೆಯುವಾಗ ಒಮ್ಮೆಯೂ ಕೈ ತಡೆದಿರಲಿಲ್ಲ. ಈ ಸಲ ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ನನ್ನ ಪೂರ್ತಿ ಹೆಸರು ಬರೆದು, ನೌಕರಿ ಸಂಖ್ಯೆ ಸೇರಿಸಿ, ಚೀಲದ ಜೊತೆ ಕಳಿಸಿದ್ದ ಆ ಕಾರ್ಡನ್ನು ಪುರಾವೆಯಾಗಿ ಪಿನ್ನು ಹಾಕಿ ಲಗತ್ತಿಸಿದೆ.